ಗುಂಡಿ, ಏಣಿ, ಬಿಳಿ ಬಟ್ಟೆ

ನಮ್ಮೂರಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅನ್ನೋದನ್ನ ಬಟ್ಟೆ ಹೇಳುತ್ತೆ. ವಯಸ್ಸು ಹೇಳಲ್ಲ, ಅಳತೆಕೋಲಂತೂ ಹೇಳೋದೇ ಇಲ್ಲ. ಚಾವಡಿಯೊಳಗೆ ಈ ಗೋಡೆಯಿಂದ ಆ ಗೋಡೆಗೆ ಒಂದು ಬಿಳಿ ಬಟ್ಟೆ ಕಟ್ಟಿದೆ. ಹೊರಗೆ ಅಂಗಳದಲ್ಲಿ ಕ್ಯಾಮೆರಾ ಏನು ನೋಡುತ್ತೋ ಅದು ಆ ಕ್ಷಣಕ್ಕೇ ಒಳಗೆ ಬಟ್ಟೆ ಮೇಲೆ ಬೀಳುತ್ತೆ. ಹೇಗೆ ಅಂತ ಕೇಳಬೇಡಿ. ನಿಮ್ಮೂರಲ್ಲಿ ಗುಂಡಿ ಒತ್ತಿದರೆ ದೀಪ ಹೇಗೆ ಹತ್ತುತ್ತೆ ಅಂತ ನಾನು ಕೇಳಿದ್ದೀನಾ?

ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ಯಾರನ್ನು ನೋಡುತ್ತೋ ಅವರು ದೊಡ್ಡವರು. ಮೇಲಿನಿಂದ ಕೆಳಕ್ಕೆ ಯಾರನ್ನು ನೋಡುತ್ತೋ ಅವರು ಚಿಕ್ಕವರು. ಬಟ್ಟೆ ಮೇಲೆ ಕಂಡದ್ದುಂಟು, ಕಾಣದ್ದಿಲ್ಲ. ಇಷ್ಟೇ ನಮ್ಮ ಕಾನೂನು. ತೊಟ್ಟಿಲಲ್ಲಿರೋ ಮಗುವಿಗೂ ಇದನ್ನೇ ಜೋಗುಳ ಹಾಡಿ ಮಲಗಿಸ್ತೀವಿ.

ಆ ಬಟ್ಟೆ ಒಗೆಯೋಳು ನಾನು. ಬಟ್ಟೆಯವಳು ಅಂತಲೇ ನನ್ನ ಕರೆಯೋದು. ಒಗೆಯೋದೇನೂ ಕಷ್ಟ ಅಲ್ಲ, ಹಿಂಡೋದು ಕಷ್ಟ. ಅಷ್ಟುದ್ದ ಬಟ್ಟೆಯನ್ನ ಒಬ್ಬಳೇ ಹಿಂಡೋಕಾಗಲ್ಲ. ನಾನು ಈ ತುದಿ ಹಿಡಿದು ಬಲಕ್ಕೆ ತಿರುಚಿದರೆ, ಆ ತುದಿ ಹಿಡಿದು ಎಡಕ್ಕೆ ತಿರುಚೋಕೆ ಇನ್ನೊಬ್ಬರು ಬೇಕು. ಆ ತುದಿ ಹಿಡಿಯುತ್ತಿದ್ದವಳು ಪಕ್ಕದ ಮನೆಯ ಕಡ್ಲೆಪುರಿಯವಳ ಮಗಳು. ಈ ಕಥೆ ಅವಳದೇ.

ಬಟ್ಟೆ ಮೇಲೆ ಕಲೆ ಇರಬಾರದು. ನಮ್ಮತ್ತೆ ಒಗೆಯುತ್ತಿದ್ದ ಕಾಲದಲ್ಲಿ ಒಂದು ಸಲ ಒಣಹಾಕಿದ ಬಟ್ಟೆ ಮೇಲೆ ಕಾಗೆ ಗಲೀಜು ಮಾಡಿತ್ತಂತೆ. ಅವರು ನೋಡಲಿಲ್ಲ. ಅವತ್ತು ಕ್ಯಾಮೆರಾ ಮುಂದೆ ನಿಂತಿದ್ದ ಗಾಣದವನ ಹಣೆ ಮೇಲೆ ಆ ಬಿಳಿ ಕಲೆ ಬಂದು ಕೂತಿತು. ಕಂಡದ್ದುಂಟು. ಆಮೇಲೆ ಸಾಯೋವರೆಗೂ ಆ ಮನುಷ್ಯ ದಿನಾ ಬೆಳಿಗ್ಗೆ ಹಣೆಗೆ ಸುಣ್ಣ ಬಳಿದುಕೊಂಡೇ ಓಡಾಡಿದ. ಅವನಿಗೇನೂ ಬೇಜಾರಿರಲಿಲ್ಲ, ಹೆಂಡತಿಗೆ ಇತ್ತು. ಅದಕ್ಕೇ ನಾನು ಸೀಗೆ ಹಾಕಿ, ಬೂದಿ ಹಾಕಿ, ಬಿಸಿಲಿಗೆ ಹಿಡಿದು ಎಳೆ ಎಳೆ ನೋಡಿ ಕಟ್ಟೋದು. ನನ್ನ ಬಟ್ಟೆಯಲ್ಲಿ ಕಲೆ ಇದೆ ಅಂದೋರ ಬಾಯಿಗೆ ಅದೇ ಬೂದಿ ತುಂಬುತೀನಿ.

ಊರಿನ ನಡವಳಿಕೆಯೂ ಹೀಗೇ. ಅತ್ತೆ ಕೆಳಗೆ ಕೂತಿದ್ದರೆ ಸೊಸೆ ಅಟ್ಟ ಹತ್ತಲ್ಲ. ಮದುವೆಯಲ್ಲಿ ಬೀಗರಿಗೆ ಮಂಚದ ಮೇಲೆ ಮಂಚ ಹಾಕಿ ಕೂರಿಸ್ತೀವಿ, ಕೆಲವರು ಬಿದ್ದದ್ದೂ ಉಂಟು. ಒಂದೇ ಒಂದು ದಿನ ಮಾತ್ರ ಎಂಥವರೂ ದೊಡ್ಡವರು, ಅದು ನಾಮಕರಣದ ದಿನ. ತಾಯಿ ಮಗುವಿನ ಕಂಕುಳಿಗೆ ಕೈ ಹಾಕಿ ಮೇಲೆತ್ತುತ್ತಾಳೆ. ಕ್ಯಾಮೆರಾ ಕೆಳಗಿನಿಂದ ನೋಡುತ್ತೆ. ಒಳಗೆ ಬಟ್ಟೆ ತುಂಬ ಮಗು, ಹಿಂದೆ ಆಕಾಶ. ಊರೆಲ್ಲ ಎದ್ದು ಕೈ ಮುಗಿಯುತ್ತೆ. ಮಗು ಅಳುತ್ತೆ. ಇಳಿಸಿಬಿಡ್ತಾರೆ.

ಇನ್ನು ವ್ಯಾಜ್ಯ ಬಂದಾಗ. ಎದುರಾಳಿ ಯಾರೇ ಇರಲಿ, ಒಂದು ಕಡೆ ಊರ ಯಜಮಾನರು ಇದ್ದೇ ಇರ್ತಾರೆ. ಊರಿನ ವ್ಯಾಜ್ಯಗಳೆಲ್ಲ ಎಲ್ಲಿಂದಲೋ ಸುತ್ತಿ ಅವರ ಮನೆ ಬಾಗಿಲಿಗೇ ಬರುತ್ತವೆ. ಅಂಗಳದಲ್ಲಿ ಅವರಿಗೆ ಎತ್ತರದ ಕುರ್ಚಿ, ಕುರ್ಚಿ ಮುಂದೆ ಒಂದು ಗುಂಡಿ. ಅವರ ತಾತನ ಕಾಲದಲ್ಲಿ ಗುಂಡಿ ಮೊಣಕಾಲುದ್ದ ಇತ್ತಂತೆ, ಅಪ್ಪನ ಕಾಲಕ್ಕೆ ಸೊಂಟದವರೆಗೆ ಬಂತು. ಈಗ ಕ್ಯಾಮೆರಾದವನು ಇಳಿದರೆ ತಲೆಯೂ ಕಾಣಲ್ಲ. ಅಲ್ಲಿಂದ ನೋಡಿದರೆ ಯಜಮಾನರ ಮುಖವೂ ಕಾಣಲ್ಲ ಅನ್ನಿ. ಬಟ್ಟೆ ತುಂಬ ಎರಡು ಮೂಗಿನ ಹೊಳ್ಳೆ. ಆ ಹೊಳ್ಳೆ ನೋಡಿದರೆ ಯಾರಿಗಾದರೂ ಭಯಭಕ್ತಿ ಬರಬೇಕು. ನಮಗೆ ಬರ್ತಿತ್ತು.

ಆಮೇಲೆ ಅವರ ಬೆನ್ನ ಹಿಂದಿನಿಂದ ಒಂದು ನೋಟ. ಅವರ ಹೆಗಲೇ ಅರ್ಧ ಬಟ್ಟೆ. ಉಳಿದ ಅರ್ಧದ ಮೂಲೆಯಲ್ಲಿ, ಹೆಗಲಿನ ಆಚೆ, ದೂರು ಕೊಟ್ಟವರು ಕೈ ಕಟ್ಟಿ ಕೂತಿರ್ತಾರೆ. ಯಜಮಾನರು ಕತ್ತು ತಿರುಗಿಸಿದರೆ ಕ್ಯಾಮೆರಾನೂ ತಿರುಗುತ್ತೆ. ದೂರು ಕೊಟ್ಟವರು ಅಲುಗಾಡಿದರೆ ಕ್ಯಾಮೆರಾ ಅಲುಗಾಡಲ್ಲ, ಅವರೇ ಬಟ್ಟೆಯಿಂದ ಆಚೆ ಹೋಗ್ತಾರೆ. ಕೊನೆಗೆ ಏಣಿ. ಏಣಿ ಹತ್ತಿ ದೂರುದಾರರನ್ನ ಮೇಲಿನಿಂದ ನೋಡೋದು. ಗುಂಡಿಗೆ ಇಳಿ, ಹೆಗಲ ಹಿಂದೆ ನಿಲ್ಲು, ಏಣಿ ಹತ್ತು. ಗುಂಡಿ, ಹೆಗಲು, ಏಣಿ. ಅಷ್ಟರಲ್ಲಿ ತೀರ್ಪು ಆಗಿರುತ್ತೆ.

ಇಷ್ಟೂ ಹೊತ್ತು ಊರಿನವರು ಚಾವಡಿಯೊಳಗೆ ಬಟ್ಟೆಗೆ ಮುಖ ಮಾಡಿ, ಅಂಗಳಕ್ಕೆ ಬೆನ್ನು ಹಾಕಿ ಕೂತಿರ್ತೀವಿ. ಮಾತಾಡೋ ಮನುಷ್ಯರು ಬೆನ್ನ ಹಿಂದೇ ಇರ್ತಾರೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಹಿಂದೆ ತಿರುಗಿ ನೋಡೋದು ಮರ್ಯಾದೆ ಅಲ್ಲ. ಮಾತು ಬಟ್ಟೆ ಮೇಲೆ ಬೀಳಲ್ಲವಲ್ಲ, ಅದಕ್ಕೇ ಮಾತನ್ನ ನಾವು ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ಆ ಹೊತ್ತಿಗೆ ನಮ್ಮ ನಮ್ಮ ಮಾತಾಡ್ಕೋತೀವಿ.

ಕ್ಯಾಮೆರಾದವನ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಅವನು ಯಾವತ್ತೂ ಬಟ್ಟೆ ಮೇಲೆ ಬಿದ್ದವನಲ್ಲ. ಹಾಗಾಗಿ ಅವನು ದೊಡ್ಡವನೋ ಚಿಕ್ಕವನೋ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದವನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಏನು ಕೇಳಿದರೂ ಅವನದು ಒಂದೇ ಉತ್ತರ: “ನಂಗೇನು, ಇಡು ಅಂದ ಕಡೆ ಇಡ್ತೀನಿ.”

ಈಗ ಹುಡುಗಿಗೆ ಬರ್ತೀನಿ. ಅವಳನ್ನ ಊರೆಲ್ಲ ಕೊಕ್ಕರೆ ಅಂತ ಕರೀತಿತ್ತು. ಯೋಚನೆ ಮಾಡುವಾಗ ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದದಿಂದ ಮೀನಖಂಡ ಕೆರ್ಕೊಳ್ಳೋದು ಅವಳ ಅಭ್ಯಾಸ. ಬಟ್ಟೆ ಹಿಂಡುವಾಗಲೂ ಹಾಗೇ. “ಎರಡು ಕಾಲು ಊರೇ, ಬೀಳ್ತೀಯ” ಅಂತ ನಾನು ಬೈದು ಬೈದು ಸಾಕಾಗಿತ್ತು. ಕಾಲು ಒಂದೇ ಆದರೂ ನಾಲಿಗೆ ಮಾತ್ರ ಹತ್ತು ಜನರದ್ದು.

ಒಂದು ದಿನ ಅವಳು ಹಣ್ಣಿಗೆ ಅಂತ ನೇರಳೆ ಮರ ಹತ್ತಿದಳು. ಅದೇ ಹೊತ್ತಿಗೆ ಕೆಳಗೆ ಯಜಮಾನರು ಹಾದು ಹೋದರು. ಅವರನ್ನ ಮೇಲಿನಿಂದ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಇವಳು ನೋಡಿದಳು. ನೋಡಿ ಸುಮ್ಮನೆ ಇದ್ದಿದ್ದರೆ ಆಗ್ತಿತ್ತು. ನೆಟ್ಟಗೆ ಬಾವಿಕಟ್ಟೆಗೆ ಬಂದು, ನೀರು ಸೇದೋ ಹೆಂಗಸರ ಮುಂದೆ, ಒಂಟಿಕಾಲಲ್ಲಿ ನಿಂತು ಹೇಳಿದಳು: “ಯಜಮಾನರ ನೆತ್ತಿ ಬೋಳು ಕಣ್ರೇ! ಹಪ್ಪಳದಷ್ಟಗಲ! ಬಿಸಿಲಿಗೆ ಮಿಂಚ್ತಾ ಇದೆ!”

ನಾವೆಲ್ಲ ನಕ್ಕೆವು. ನಗಬಾರದಿತ್ತು.

ಮಾರನೇ ಬೆಳಿಗ್ಗೆ ಯಜಮಾನರ ಪಾರುಪತ್ಯಗಾರ ಬಂದ. ಮನೆಯ ವ್ಯವಹಾರವೆಲ್ಲ ನೋಡ್ಕೊಳ್ಳೋನು ಅವನೇ. “ಹುಡುಗೀನ ಅಕ್ಕಿ ಆರಿಸೋಕೆ ಕಳಿಸಮ್ಮ, ಸಂಜೆಗೆ ಬರ್ತಾಳೆ” ಅಂದ. ಕಡ್ಲೆಪುರಿಯವಳು ಮಗಳಿಗೆ ತಲೆ ಬಾಚಿ ಕಳಿಸಿದಳು. ಸಂಜೆ ಆಯಿತು, ಹುಡುಗಿ ಬರಲಿಲ್ಲ. ತಾಯಿ ಹೋಗಿ ಗೇಟು ತಟ್ಟಿದಳು. “ಯಾವ ಹುಡುಗಿ?” ಅಂದರು. ಒಲೆ ಆರಿಸಿ, ಬಾಂಡಲಿ ಬೋರಲು ಹಾಕಿ, ಕಡ್ಲೆಪುರಿಯವಳು ಚಾವಡಿಗೆ ದೂರು ಕೊಟ್ಟಳು.

ಮೊದಲ ಸಲ ವಿಚಾರಣೆ ಆದಾಗ ಯಜಮಾನರು ಬಹಳ ಚುಟುಕಾಗಿ ಮಾತಾಡಿದರು. “ಆ ಹುಡುಗಿ ನನ್ನ ಮನೆಗೆ ಬಂದದ್ದನ್ನ ಯಾರಾದರೂ ಬಟ್ಟೆ ಮೇಲೆ ನೋಡಿದ್ದೀರಾ? ಇಲ್ಲ. ಕಾಣದ್ದಿಲ್ಲ.” ಗುಂಡಿ, ಹೆಗಲು, ಏಣಿ. ಏಣಿ ಮೇಲಿನಿಂದ ಕಡ್ಲೆಪುರಿಯವಳು ಬಟ್ಟೆ ಮೇಲೆ ಒಂದು ಗೇಣಿನಷ್ಟು ಕಂಡಳು. ಗೇಣಿನಷ್ಟು ಇರೋಳ ಮಾತು ಏನು ಮಹಾ? ಎದ್ದು ಮನೆಗೆ ಹೋದೆವು.

ಅವಳು ಮತ್ತೆ ದೂರು ಕೊಟ್ಟಳು. ಈ ಸಲ ಹೆಗಲ ನೋಟದ ಹೊತ್ತಿಗೆ ತಡೆಯೋಕಾಗದೆ ಎದ್ದುಬಿಟ್ಟಳು. “ಬುದ್ಧೀ, ನಿಮ್ಮ ಕಾಲಿಗೆ ಬೀಳ್ತೀನಿ, ಮಗೂನ ಒಂದು ಸಲ ತೋರಿಸಿಬಿಡಿ, ಉಸಿರಾಡ್ತಾ ಇದ್ದಾಳೆ ಅಂತ ಗೊತ್ತಾದರೆ ಸಾಕು” ಅನ್ನುತ್ತಾ ಕುರ್ಚಿ ಕಡೆಗೆ ನಡೆದಳು. ಕ್ಯಾಮೆರಾ ಅಲುಗಾಡಲಿಲ್ಲ. ನಡೆದವಳು ಬಟ್ಟೆಯಿಂದ ಆಚೆ ಹೋದಳು. ಒಳಗೆ ನಮಗೆ ಕಂಡದ್ದು ಹೆಗಲು, ಅದರ ಪಕ್ಕ ಖಾಲಿ ನೆಲ. ದೂರುದಾರಳು ದೂರು ಬಿಟ್ಟು ಹೋದಳು ಅಂತ ತೀರ್ಪಾಯಿತು. ಬೆನ್ನ ಹಿಂದೆ ಅವಳು ಅಳ್ತಾ ಇರೋದು ನಮಗೆ ಚೆನ್ನಾಗಿಯೇ ಕೇಳಿಸ್ತಿತ್ತು.

ಅವತ್ತು ಬಟ್ಟೆ ಬಿಚ್ಚಿ ತಂದೆ. ಒಗೆದೆ. ಹಿಂಡೋಕೆ ಆ ತುದಿಯಲ್ಲಿ ಯಾರೂ ಇರಲಿಲ್ಲ. ಒಂದು ತುದೀನ ಕಲ್ಲುಕಂಬಕ್ಕೆ ಕಟ್ಟಿ ತಿರುಚಿದೆ. ಕಂಬ ಎಡಕ್ಕೆ ತಿರುಗಲ್ಲ, ಬಲಕ್ಕೂ ತಿರುಗಲ್ಲ. ಅರ್ಧ ನೀರು ಬಟ್ಟೆಯಲ್ಲೇ ಉಳೀತು. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಕಂಬಕ್ಕೇ ಒದ್ದೆ.

ಕಡ್ಲೆಪುರಿಯವಳು ಇನ್ನೊಂದು ಸಲ ದೂರು ಕೊಟ್ಟಾಗ ಪಾರುಪತ್ಯಗಾರನಿಗೆ ರೇಗಿತು. ಇಂಥ ಹಟಮಾರಿಗೆ ಗೇಣಿನ ಅಳತೆ ಸಾಲದು ಅಂದ. “ಈ ಸಲ ಎಳ್ಳುಕಾಳು ಮಾಡಿಬಿಡಬೇಕು. ಮತ್ತೆ ತಲೆ ಎತ್ತಬಾರದು.” ಏಣಿಗೆ ಏಣಿ ಕಟ್ಟಿಸಿದ. ಅದು ಸಾಲದು ಅಂತ ಬಿದಿರು ತರಿಸಿ ಮೇಲಕ್ಕೆ ಇನ್ನಷ್ಟು ಮೆಟ್ಟಿಲು ಕಟ್ಟಿಸಿದ. ಏಣಿ ಚಾವಡಿ ಸೂರು ದಾಟಿತು. ಅಂಗಳದ ಒಂದು ಪಕ್ಕಕ್ಕೆ ಯಜಮಾನರ ಮನೆಯ ಗೋಡೆ ಇದೆ, ಊರಲ್ಲೇ ಎತ್ತರದ ಗೋಡೆ. ಏಣಿ ಅದನ್ನೂ ದಾಟಿತು. ನಾಲ್ಕು ದಿಕ್ಕಿನಿಂದ ಹಗ್ಗ ಎಳೆದು ಆಳುಗಳು ಹಿಡಿದುಕೊಂಡರು. ಪಾರುಪತ್ಯಗಾರ ಸೊಂಟದ ಮೇಲೆ ಕೈ ಇಟ್ಟು ನೋಡಿ, “ಹೂಂ, ಈಗ ಸರಿ” ಅಂದ.

ಇಡು ಅಂದ ಕಡೆ ಇಡೋನು ಮೇಲೆ ನೋಡಿದ. “ಅಲ್ಲಿಗಾ?”

“ಅಲ್ಲಿಗೇ.”

“ನಂಗೇನು” ಅಂದ. ಮಂಡಿ ಉಜ್ಜಿಕೊಂಡ.

ವಿಚಾರಣೆ ಶುರುವಾಯಿತು. ನಾವೆಲ್ಲ ಒಳಗೆ ಬಟ್ಟೆಗೆ ಮುಖ ಮಾಡಿ ಕೂತೆವು. ಗುಂಡಿ ಆಯಿತು, ಹೊಳ್ಳೆ ಬಂತು, ಭಯಭಕ್ತಿ ಬಂತು. ಹೆಗಲು ಆಯಿತು. ಆಮೇಲೆ ಏಣಿ.

ಅವನು ಕ್ಯಾಮೆರಾ ಹಿಡಿದುಕೊಂಡೇ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದ. ಬಟ್ಟೆ ಮೇಲೆ ಕಡ್ಲೆಪುರಿಯವಳು ಮೊಳದಷ್ಟಾದಳು, ಗೇಣಿನಷ್ಟಾದಳು, ಹೆಬ್ಬೆರಳಿನಷ್ಟಾದಳು. ಜನ ಭೇಷ್ ಅಂದರು. ಪಾರುಪತ್ಯಗಾರ ಬಟ್ಟೆ ಪಕ್ಕ ನಿಂತು ಮೀಸೆ ತಿರುವಿದ.

ಆದರೆ ಒಂದು ವಿಷಯ ಯಾರೂ ಯೋಚನೆ ಮಾಡಿರಲಿಲ್ಲ. ಅವಳು ಚಿಕ್ಕವಳಾದಂತೆ ಬಟ್ಟೆ ಚಿಕ್ಕದಾಗಲ್ಲ. ಉಳಿದ ಜಾಗಕ್ಕೆ ಏನಾದರೂ ಬರಬೇಕಲ್ಲ! ಮೊದಲು ಅಂಗಳದ ನೆಲ ಬಂತು. ಆಮೇಲೆ ಗುಂಡಿಯ ಅಂಚು ಬಂತು. ಆಮೇಲೆ ಕುರ್ಚಿ ಬಂತು, ಕುರ್ಚಿಯಲ್ಲಿ ಯಾರೋ ಕೂತಿದ್ದರು. ಅವರ ನೆತ್ತಿಯ ಮೇಲೆ ದುಂಡಗೆ, ಬೆಳ್ಳಗೆ ಏನೋ ಮಿಂಚ್ತಾ ಇತ್ತು.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಮೆಲ್ಲಗೆ “ಹಪ್ಪಳ” ಅಂದ.

“ಕಲೆ!” ಅಂತ ಕಿರುಚಿದ ಪಾರುಪತ್ಯಗಾರ. “ಬಟ್ಟೆ ಮೇಲೆ ಕಲೆ! ಏನೇ ಬಟ್ಟೆಯವಳೇ, ಹೀಗಾ ಒಗೆಯೋದು? ನೋಡಿಲ್ಲಿ, ನಡುವೆ ಒಂದು ಬಿಳಿ ಕಲೆ. ಅಲ್ಲಿ ಮೂಲೆಯಲ್ಲಿ, ಗೋಡೆ ಆಚೆ, ಇನ್ನೊಂದು ಕರೀ ಕಲೆ!”

ನನಗೆ ಉರಿದುಹೋಯಿತು. ನನ್ನ ಬಟ್ಟೆ ಮೇಲೆ ಕಲೆಯಾ? ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಹೋದೆ. ಬಿಳಿ ಕಲೆ ತಂಟೆಗೆ ನಾನು ಹೋಗಲಿಲ್ಲ, ಅದು ಏನು ಅಂತ ನನಗೂ ಗೊತ್ತಿತ್ತು. ಮೂಲೆಯ ಕರೀ ಕಲೆ ಹತ್ತಿರ ಹೋದೆ. ಎಳ್ಳುಕಾಳಿನಷ್ಟಿತ್ತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಎಂಜಲು ಹಚ್ಚಿ ಸೆರಗಿನಿಂದ ಉಜ್ಜಿದೆ. ಕಲೆ ಸೆರಗಿನ ಮೇಲೆ ಬಂತು. ಕೈ ಅಡ್ಡ ಹಿಡಿದೆ, ಕಲೆ ನನ್ನ ಅಂಗೈ ಮೇಲೆ ಬಂತು.

ಅಂಗೈ ಮೇಲೆ ಬಂದು ಒಂಟಿಕಾಲಲ್ಲಿ ನಿಂತುಕೊಂಡಿತು.

ಕಲೆ ಇನ್ನೊಂದು ಪಾದದಿಂದ ಮೀನಖಂಡ ಕೆರ್ಕೊಂಡಿತು. ಆಮೇಲೆ ತಲೆ ಎತ್ತಿ ಏಣಿ ತುದಿ ಕಡೆಗೆ ನೋಡಿತು. ಎರಡೂ ಕೈ ಎತ್ತಿ ಬೀಸಿತು.

“ಇದು ಕಲೆ ಅಲ್ರೋ!” ಅಂತ ಕೂಗಿದೆ. ನನ್ನ ಗಂಟಲು ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. “ಕೊಕ್ಕರೆ! ನಮ್ಮ ಕೊಕ್ಕರೆ! ಯಜಮಾನರ ಹಿತ್ತಲಲ್ಲಿ ಇದ್ದಾಳೆ! ಅಕ್ಕಾ, ಏ ಅಕ್ಕಾ, ನಿನ್ನ ಮಗಳು ಇದ್ದಾಳೆ ಕಣೇ! ಗೋಡೆ ಆಚೆಗೇ ಇದ್ದಾಳೆ!”

ಅಂಗಳದಲ್ಲಿ ಇದ್ದವಳಿಗೆ ಬಟ್ಟೆ ಕಾಣಲ್ಲ, ನನ್ನ ಕೂಗು ಮಾತ್ರ ಕೇಳಿಸಿದ್ದು. ಒಂದು ಸದ್ದು ಬಂತು ಅವಳಿಂದ. ಅದು ಮಾತೂ ಅಲ್ಲ, ಅಳುವೂ ಅಲ್ಲ. ಆ ಸದ್ದಿಗೆ ಊರಿಗೆ ಊರೇ ಮರ್ಯಾದೆ ಮರೆತು ಹಿಂದೆ ತಿರುಗಿ ನೋಡಿತು.

ವಿಚಾರಣೆ ಹೊತ್ತಲ್ಲಿ ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರದ ಅಂಗಳ. ಎತ್ತರದ ಕುರ್ಚಿಯಲ್ಲಿ ಒಬ್ಬ ಸಣ್ಣ ಮನುಷ್ಯ ಕೂತಿದ್ದ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಸುಮ್ಮನೆ ಜೋತಾಡ್ತಿದ್ದವು. ಎದುರಿಗೆ ನೆಲದ ಮೇಲೆ ಕೂತಿದ್ದ ಕಡ್ಲೆಪುರಿಯವಳು ಎದ್ದು ನಿಂತಳು. ಎದ್ದು ನಿಂತರೆ ಅವಳು ಒಳ್ಳೆ ಆಳೆತ್ತರದ ಹೆಂಗಸು. ಇಷ್ಟು ವರ್ಷ ಅವಳ ಹತ್ತಿರ ಪುರಿ ತಗೊಂಡು ತಿಂದಿದ್ದೀವಿ, ಗಮನಿಸಿರಲಿಲ್ಲ.

ಪಾರುಪತ್ಯಗಾರ ಓಡಿಹೋಗಿ ಯಜಮಾನರ ಕಿವಿಯಲ್ಲಿ ಏನೋ ಹೇಳಿದ. ಯಜಮಾನರು ಸ್ವಲ್ಪ ಹೊತ್ತು ಕಾಲು ಜೋತಾಡಿಸಿದರು. ಆಮೇಲೆ ಜನರ ಕಡೆ ತಿರುಗಿ ಹೇಳಿದರು: “ಬಟ್ಟೆ ಸುಳ್ಳು ಹೇಳ್ತಾ ಇದೆ.”

ಹಪ್ಪಳ ಅಂದಿದ್ದನಲ್ಲ, ಆ ಮುದುಕ ಕೈ ಮುಗಿದು ಬಹಳ ವಿನಯದಿಂದ ಕೇಳಿದ: “ಹಾಗಾದರೆ ತಾವು, ಬುದ್ಧೀ?”

ಬಟ್ಟೆ ನಿಜ ಅಂದರೆ ಹುಡುಗಿ ಉಂಟು. ಬಟ್ಟೆ ಸುಳ್ಳು ಅಂದರೆ ಹೊಳ್ಳೆಯೂ ಸುಳ್ಳು, ತಾತನ ಗುಂಡಿಯೂ ಸುಳ್ಳು. ಪಾಪ, ಯಜಮಾನರು ಯಾವುದು ಹೇಳಬೇಕು ಅಂತ ನಿಜವಾಗಿಯೂ ಯೋಚನೆ ಮಾಡ್ತಿದ್ದರು. ಮುಖ ನೋಡಿದರೆ ಗೊತ್ತಾಗ್ತಿತ್ತು. ಅವರ ಮುಖವನ್ನ ನಾವು ನೋಡಿದ್ದೂ ಅವತ್ತೇ.

ಕಡ್ಲೆಪುರಿಯವಳು ಅವರ ಉತ್ತರಕ್ಕೆ ಕಾಯಲಿಲ್ಲ. ಏಣಿ ಹತ್ತಿರ ಹೋಗಿ ಮೇಲೆ ನೋಡಿ, “ಇಳಿಯಣ್ಣ, ಏಣಿ ಬೇಕು” ಅಂದಳು. ಕ್ಯಾಮೆರಾದವನು ಕೆಳಗಿಳಿದ. ಅವಳು ಏಣಿಗೆ ಹೆಗಲು ಕೊಟ್ಟಳು. ಹಗ್ಗ ಹಿಡಿದಿದ್ದ ಆಳುಗಳು ಪಾರುಪತ್ಯಗಾರನ ಮುಖ ನೋಡಿದರು, ಅವನು ಯಜಮಾನರ ಮುಖ ನೋಡ್ತಿದ್ದ, ಯಜಮಾನರು ಇನ್ನೂ ಯೋಚನೆ ಮಾಡ್ತಿದ್ದರು. ಯಾರೂ ಏನೂ ಹೇಳದ್ದರಿಂದ ಆಳುಗಳು ಹಗ್ಗ ಸಡಿಲ ಬಿಟ್ಟರು. ನಾನು ಓಡಿಹೋಗಿ ಒಂದು ಕಡೆ ಹಿಡಿದೆ. ಆಮೇಲೆ ಬಾವಿಕಟ್ಟೆಯಲ್ಲಿ ನಕ್ಕಿದ್ದ ಹೆಂಗಸರೆಲ್ಲ ಬಂದು ಹಿಡಿದರು. ಅವಳನ್ನ ಎಳ್ಳುಕಾಳು ಮಾಡೋಕೆ ಅಂತ ಕಟ್ಟಿದ್ದ ಏಣೀನ ಗೋಡೆಗೆ ಒರಗಿಸಿದೆವು. ಗೋಡೆಗಿಂತಲೂ ಮೇಲಕ್ಕೇ ನಿಂತಿತು.

ಅವಳು ಸೀರೆ ಎತ್ತಿ ಕಟ್ಟಿ ಹತ್ತಿದಳು. ಬಿದಿರು ಕಿರ್ ಕಿರ್ ಅನ್ನುತ್ತಿತ್ತು. ಗೋಡೆ ನೆತ್ತಿ ಮೇಲೆ ಕಾಲು ಇಳಿಬಿಟ್ಟು ಕೂತು, ಆ ಕಡೆ ಬಗ್ಗಿದಳು. “ಕೈ ಕೊಡೇ. ಹೂಂ, ಆ ಒರಳುಕಲ್ಲಿನ ಮೇಲೆ ಹತ್ತು. ಎರಡೂ ಕಾಲು ಊರೇ, ಕೊಕ್ಕರೆ ಮುಂಡೇದೆ!” ಅಂತ ಬೈಯೋದು ನಮಗೆಲ್ಲ ಕೇಳಿಸ್ತು. ಆಮೇಲೆ ಕಂಕುಳಿಗೆ ಕೈ ಹಾಕಿ, ನಾಮಕರಣದ ದಿನ ಎತ್ತಿದ ಹಾಗೇ, ಅಷ್ಟು ದೊಡ್ಡ ಹುಡುಗೀನ ಗೋಡೆ ಮೇಲಕ್ಕೆ ಎತ್ತಿಕೊಂಡಳು. ಇಬ್ಬರೂ ಅಲ್ಲೇ ತಬ್ಬಿಕೊಂಡು ಕೂತುಬಿಟ್ಟರು. ಇಳೀರಮ್ಮ ಅಂದರೂ ಇಳಿಯಲಿಲ್ಲ.

ಕ್ಯಾಮೆರಾದವನಿಗೆ ಎಲ್ಲಿ ಇಡು ಅಂತ ಯಾರೂ ಹೇಳಿರಲಿಲ್ಲ. ಪಾಪ, ಇಳಿದ ಕಡೆಯೇ ಏಣಿ ಬುಡದಲ್ಲಿ ಕ್ಯಾಮೆರಾನ ನೆಲಕ್ಕೆ ಇಟ್ಟು ಮಂಡಿ ಒತ್ತಿಕೊಳ್ತಾ ಕೂತಿದ್ದ. ಅದರ ಕಣ್ಣು ಮೇಲಕ್ಕೆ ತಿರುಗಿತ್ತು. ಗೋಡೆ ಮೇಲೆ ಇಬ್ಬರು, ಹಿಂದೆ ಬರೀ ಆಕಾಶ. ಒಳಗೆ ಬಟ್ಟೆ ಮೇಲೆ ಅವರಿಬ್ಬರೂ ಎಷ್ಟು ದೊಡ್ಡದಾಗಿ ಬಿದ್ದಿದ್ದರೋ ಯಾರಿಗೂ ಗೊತ್ತಿಲ್ಲ. ಚಾವಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾವೆಲ್ಲ ಅಂಗಳದಲ್ಲಿ ತಲೆ ಎತ್ತಿ ನಿಂತಿದ್ದೆವು.

ಆಮೇಲೆ ಪಾರುಪತ್ಯಗಾರ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಒಂದು ತೀರ್ಪು ಹೊರಡಿಸಿದ. ಗೋಡೆ ಹತ್ತಿದ್ದನ್ನ ಬಟ್ಟೆ ಮೇಲೆ ಯಾರೂ ನೋಡಿಲ್ಲ. ಕಾಣದ್ದಿಲ್ಲ. ಆದ್ದರಿಂದ ಹುಡುಗಿ ಗೋಡೆ ಆಚೆಯೇ ಇದ್ದಾಳೆ. ಯಜಮಾನರು ಅವಳಿಗೆ ಅಂತ ದಿನಾ ಒಂದು ತಟ್ಟೆ ಊಟ ಹಿತ್ತಲಿಗೆ ಕಳಿಸಬೇಕು. ಕಳಿಸ್ತಾ ಇದ್ದಾರೆ, ಕಾಗೆ ತಿಂತಾ ಇದೆ. ಗುಂಡಿ ಮುಚ್ಚಿಲ್ಲ, ಮಳೆನೀರು ನಿಂತು ಕಪ್ಪೆ ಸೇರಿಕೊಂಡಿವೆ. ಬಟ್ಟೆಯನ್ನ ಈಗಲೂ ಕಟ್ತೀವಿ. ಆದರೆ ಮೊನ್ನೆ ಬಳೆಗಾರ ಮತ್ತು ಅವನ ತಮ್ಮನ ವ್ಯಾಜ್ಯದಲ್ಲಿ ಅರ್ಧಕ್ಕರ್ಧ ಜನ ಅಂಗಳದ ಕಡೆ ಮುಖ ಮಾಡಿ ಕೂತಿದ್ದರು. ಯಾರು ದೊಡ್ಡವರು ಅಂತ ಬಟ್ಟೆ ಬಿಟ್ಟು ನೋಡಿದರೆ ಗೊತ್ತಾಗೋದೇ ಇಲ್ಲ. ಕೊನೆಗೆ ಬೇರೆ ದಾರಿ ಇಲ್ಲದೆ, “ಏನಪ್ಪಾ ಹೇಳ್ತಾ ಇದ್ದೀರಿ ನೀವಿಬ್ಬರು?” ಅಂತ ಕೇಳಬೇಕಾಯಿತು. ಸಂಜೆವರೆಗೂ ಹಿಡೀತು. ತುಂಬ ಬೇಜಾರಿನ ಕೆಲಸ ಅದು.

ಇವತ್ತು ಬೆಳಿಗ್ಗೆ ಬಟ್ಟೆ ಒಗೆದೆ. ಕಾನೂನಿನ ಪ್ರಕಾರ ಇನ್ನೂ ಗೋಡೆ ಆಚೆಯೇ ಇರೋ ಹುಡುಗಿ ಬಂದು ಆ ತುದಿ ಹಿಡಿದಳು. ಒಂಟಿಕಾಲಲ್ಲೇ.

“ಚಿಕ್ಕಮ್ಮ, ಅವತ್ತು ಬಟ್ಟೆ ಮೇಲೆ ನಾನು ಎಷ್ಟಿದ್ದೆ?” ಅಂದಳು.

“ಎಳ್ಳುಕಾಳಿನಷ್ಟು.”

“ಅಷ್ಟೇನಾ?” ಅಂತ ಮುಖ ಊದಿಸಿದಳು.

“ಅಷ್ಟೇ.”

ಆ ಎಳ್ಳುಕಾಳು ನನ್ನ ಅಂಗೈ ಮೇಲೆ ಬಂದು ನಿಂತಾಗ ಊರಿಗೆ ಕಾಣದ ಹಾಗೆ ನಾನು ಕಣ್ಣೀರಿಟ್ಟಿದ್ದೆ. ಅದನ್ನ ಹೇಳಲಿಲ್ಲ. ಹೇಳಿದರೆ ಇವಳು ನೆಟ್ಟಗೆ ಬಾವಿಕಟ್ಟೆಗೆ ಹೋಗಿ ಸಾರಿಬಿಡ್ತಾಳೆ. ಎಡಕ್ಕೆ ತಿರುಚೇ, ಎಡಕ್ಕೆ, ಅಂದೆ. ತಿರುಚಿದಳು. ಬಟ್ಟೆಯಲ್ಲಿದ್ದ ನೀರೆಲ್ಲ ನಮ್ಮಿಬ್ಬರ ನಡುವೆ ನೆಲಕ್ಕೆ ಇಳೀತು.